ಫಾರಂನಲ್ಲಿ ಹುಟ್ಟಿದ ಅಣ್ಣ

ಮುನಿರಾಜು,

ಪಾಸ್‌ಪೋರ್ಟ್ ಹುಡುಕ್ಬೇಡ. ವೀಸಾ ಫೈಲ್ ಸಮೇತ ನಾನೇ ತಗೊಂಡು ಹೋಗಿದೀನಿ. ಉಪ್ಪಿಟ್ಟು ಮುಚ್ಚಿಟ್ಟಿದೀನಿ, ತಿನ್ನು.

ವೀಸಾ ಆಫೀಸಿಗೆ ಕರ್ಕೊಂಡು ಹೋಗೋಕೆ ಏಜೆಂಟು ಹತ್ತು ಗಂಟೆಗೆ ಕಾರು ತರ್ತಾನೆ. ಬಾಗಿಲು ತೆಗೀಬೇಡ. ಫೋನೂ ಎತ್ಬೇಡ. ಬೇಕಾದ್ರೆ ಜೋಗುಪಾಳ್ಯಕ್ಕೆಲ್ಲಾ ಕೇಳೋ ಹಾಗೆ ಕಿರುಚ್ಕೊಳ್ಲಿ. "ನಿಮ್ಮಕ್ಕ ಕಳಿಸಿದಾಳೆ" ಅಂದ್ರೂ ನಂಬಬೇಡ.

ಯಾರೋ ಕಾಯಿಲೆ ಸಾಹುಕಾರ್ರು, ಹದಿನೈದು ದಿನದ ಟೂರಿಗೆ ಜೊತೆಗೊಬ್ಬ ಬೇಕಂತೆ ಅಂತ ಕುಣಿದೆ. ಟೂರಿಸ್ಟ್ ವೀಸಾಗೆ ಎರಡೆರಡು ಸಲ ರಕ್ತ ಯಾಕೆ, ಹೊಟ್ಟೆ ಸ್ಕ್ಯಾನಿಂಗ್ ಯಾಕೆ ಅಂತ ನಾನು ಬಡ್ಕೊಂಡೆ. "ಎಲ್ರಿಗೂ ಮಾಡ್ತಾರೆ ಬಿಡಕ್ಕಾ" ಅಂದೆ ನೀನು. ದಡ್ಡ ಮುಂಡೇದೇ!

ಬೆಳಿಗ್ಗೆ ಮೇಲಿನ ಮನೆ ನಂದಿತಾ ಹತ್ರ ಆ ಇಂಗ್ಲಿಷ್ ಫಾರಂ ಓದಿಸಿದೆ. ಸಾಹುಕಾರ್ರಿಗೆ ನೀನು ಏನಾಗ್ಬೇಕು ಅನ್ನೋ ಕಡೆ ಸ್ವಂತ ತಮ್ಮ ಅಂತ ಬರೆದಿದ್ದಾರೆ. ಕೆಳಗೆ ನಿನ್ನ ಸಹಿ. ನಮ್ಮಮ್ಮ ಹೆತ್ತಿದ್ದು ನಮ್ಮಿಬ್ಬರನ್ನೇ ಕಣೋ.

ನಂದಿತಾನ ಕರ್ಕೊಂಡು ಹಲಸೂರು ಪೊಲೀಸ್ ಸ್ಟೇಷನ್ನಿಗೆ ಹೋಗ್ತಿದೀನಿ. ಒಳಗಿಂದ ಚಿಲಕ ಹಾಕ್ಕೊಂಡಿರು, ನನ್ನ ದನಿ ಕೇಳಿದ್ಮೇಲೇ ತೆಗಿ.

ಆ ಹೊಸ ಅಣ್ಣನಿಗೆ ಏನು ಕಾಯಿಲೆ ಅಂತ ಒಂದಿನಾದ್ರೂ ಕೇಳಿದ್ಯಾ? ಫೈಲಲ್ಲಿ ಆಸ್ಪತ್ರೆ ಕಾಗದ ಇದೆ. ಅವನ ಎರಡೂ ಕಿಡ್ನಿ ಹೋಗಿವೆ.