ಅಪ್ಪ ಕೆಳಗಿಟ್ಟ ಡೋಲು

ಬರ್ಲಿಂಗ್ಟನ್
೯ ಫೆಬ್ರವರಿ ೨೦೨೫, ಭಾನುವಾರ ಮಧ್ಯಾಹ್ನ.
ಹೊರಗೆ ಹಿಮ. ನಿನ್ನ ಭಾವ ಶಿಫ್ಟಿಗೆ ಹೋಗಿದ್ದಾರೆ. ಮಗಳು ಅಶ್ವಿತಾ ಮೇಲಿನ ಕೋಣೆಯಲ್ಲಿದ್ದಾಳೆ, ಬಾಗಿಲು ಹಾಕಿದೆ.

ಪ್ರೀತಿಯ ರಂಜಿತ್,

ನೀವೆಲ್ಲರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನೀನು ಅಶ್ವಿತಾಗೆ ವಾಯ್ಸ್ ಮೆಸೇಜು ಕಳಿಸಿ ವಾರ ದಾಟಿತು. ಅವತ್ತೇ ಬರೆಯಬೇಕಿತ್ತು, ಆಗಲಿಲ್ಲ, ಬೇಸರಿಸಬೇಡ. ಫೋನು ಮಾಡಿದರೆ ನಾವಿಬ್ಬರೂ ದನಿ ಏರಿಸುತ್ತೇವೆ. ಟೈಪು ಮಾಡಿದರೆ ನೀನು ಹೆಬ್ಬೆರಳಿನ ಚಿತ್ರ ಕಳಿಸಿ ಮುಗಿಸುತ್ತೀ. ಅದಕ್ಕೆ ಕೈಯಲ್ಲಿ ಬರೆದು ಪುಟಗಳ ಫೋಟೋ ಕಳಿಸುತ್ತೇನೆ. ಅಂಚೆಗೆ ಹಾಕಿದರೆ ನಿನಗೆ ಮುಟ್ಟುವಾಗ ಬರುವ ಶನಿವಾರ ಕಳೆದು ಬಹಳ ದಿನವಾಗಿರುತ್ತದೆ.

ಶನಿವಾರದ ವಿಷಯ ಅಶ್ವಿತಾ ನಿನಗೆ ಅರ್ಧ ಹೇಳಿದ್ದಾಳೆ. ಉಳಿದ ಅರ್ಧ ನಾನು ಹೇಳುತ್ತೇನೆ.

ಒಡೆಟ್ ಅವಳ ಕಾಲೇಜಿನ ಗೆಳತಿ. ಕಪ್ಪು ಜನಾಂಗದ ಹುಡುಗಿ. ಅಜ್ಜಿ ಟ್ರಿನಿಡಾಡಿನಿಂದ ಬಂದವರು, ಇವಳು ಹುಟ್ಟಿದ್ದು ಇಲ್ಲೇ, ಸ್ಕಾರ್ಬರೋದಲ್ಲಿ. ಅವಳು ಮಾಡುವುದಕ್ಕೆ ಸ್ಪೋಕನ್ ವರ್ಡ್ ಎನ್ನುತ್ತಾರೆ. ಹಾಡಲ್ಲ, ಓದುವುದೂ ಅಲ್ಲ. ಕಾಗದವಿಲ್ಲದೆ ಜನರೆದುರು ನಿಂತು ಹೇಳುವ ಕವಿತೆ. ಡಿಸೆಂಬರಿನಲ್ಲಿ ಅಶ್ವಿತಾ ನನ್ನನ್ನೂ ಎಳೆದುಕೊಂಡು ಹೋದಳು. ಜೆರಾರ್ಡ್ ಇಂಡಿಯಾ ಬಜಾರಿನ ಹತ್ತಿರ ಒಂದು ಬೇಸ್‌ಮೆಂಟು, ಮಡಚುವ ಕುರ್ಚಿಗಳು, ಒಂದು ಮೈಕು.

ಒಡೆಟ್ ಹೇಳಿದ್ದು ಇನ್ನೂರು ವರ್ಷದಾಚೆಯ ಟೊರಾಂಟೊ. ಸರೋವರದ ಮೇಲೆ ಅವಳ ಜನ ಕಟ್ಟಿಕೊಂಡ ಊರು. ಅಲ್ಲಿ ಬಾಗಿಲುಗಳು ಜನರನ್ನು ಗುರುತಿಸುವುದು ಅಜ್ಜಿ ಇಟ್ಟ ಹೆಸರಿನಿಂದ. ಅಲ್ಲಿ ಅವಳ ಅಣ್ಣ ಬೀದಿಯಲ್ಲಿ ಓಡುತ್ತಾನೆ. ಯಾಕೆ ಓಡುತ್ತೀಯೆಂದು ಯಾರೂ ಕೇಳುವುದಿಲ್ಲ, ಓಡುವುದು ಇಷ್ಟ, ಅಷ್ಟೆ. ನಿಜದಲ್ಲಿ ಆ ಅಣ್ಣ ಈಗ ಬದುಕಿಲ್ಲ. ಊರಿನ ಅಂಚಿನಲ್ಲಿ ನಕ್ಷತ್ರಗಳಿಗೆ ಹೋಗುವ ಹಡಗು ನಿಂತಿದೆ. ಅದಕ್ಕೆ ಎಣ್ಣೆ ಬೇಡ. ಅವಳ ಹಿರಿಯರ ಡ್ರಮ್ಮುಗಳನ್ನು ಒಂದು ಕಾಲದಲ್ಲಿ ಸರಕಾರ ನಿಷೇಧಿಸಿತ್ತಂತೆ. ಬಾರಿಸಲಾಗದೆ ಉಳಿದ ಪ್ರತಿಯೊಂದು ಪೆಟ್ಟೂ ಎಲ್ಲೋ ಕೂಡಿಕೊಂಡಿದೆ, ಹಡಗು ಏಳುವುದು ಅದರ ಬಲದಿಂದ.

ನಾನು ಓದುವುದೆಲ್ಲ ಅನುವಾದಗಳು, ನಿನಗೆ ಗೊತ್ತಲ್ಲ. ಆ ಓದಿನಿಂದ ಒಂದು ರೂಢಿ ಬಂದಿದೆ: ಚೆನ್ನಾಗಿದೆ ಎನ್ನುವ ಮೊದಲು, ಎಷ್ಟು ನನ್ನನ್ನು ಮುಟ್ಟಿತು, ಎಷ್ಟು ದಾರಿಯಲ್ಲೇ ಉಳಿಯಿತು ಎಂದು ಕೇಳಿಕೊಳ್ಳುವುದು. ಅವತ್ತು ಅರ್ಧದಷ್ಟು ಮಾತು ನನಗೆ ತಿಳಿಯಲಿಲ್ಲ. ಆದರೆ ಅಣ್ಣ ಓಡುವ ಜಾಗ ಬಂದಾಗ ನನ್ನ ಹಿಂದೆ ಕುಳಿತಿದ್ದ ಹೆಂಗಸು ಗಟ್ಟಿಯಾಗಿ "ಓಡಲಿ ಬಿಡಿ, ಓಡಲಿ" ಎಂದಳು. ನಾನೂ ಓಡಲಿ ಎಂದೆ.

ಫೆಬ್ರವರಿ ಇಲ್ಲಿ ಕಪ್ಪು ಜನರ ಇತಿಹಾಸದ ತಿಂಗಳು. ಶನಿವಾರ ಅದೇ ಜಾಗದಲ್ಲಿ ದೊಡ್ಡ ಕಾರ್ಯಕ್ರಮ. ಒಡೆಟ್ ತನ್ನ ಕವಿತೆಯ ನಡುವೆ ಅಶ್ವಿತಾಗೂ ಸ್ವಲ್ಪ ಜಾಗ ಕೊಟ್ಟಳು. ಇವಳು ಬರೆದದ್ದು ಇಷ್ಟು: ಹಡಗು ಏಳುವ ಹೊತ್ತಿಗೆ ಬೇರೊಂದು ಕರಾವಳಿಯಿಂದ ಒಬ್ಬ ಮುದುಕ ಬರುತ್ತಾನೆ, ಹೆಸರು ಅಂಗಾರ, ನಮ್ಮ ಅಪ್ಪನ ಹೆಸರೇ, ಹೆಗಲಲ್ಲಿ ಡೋಲು. ಒಳಗೆ ಕರೆಯುತ್ತಾರೆ. ಅವನು ಬಾರಿಸುತ್ತಾನೆ. ಅದಕ್ಕೇ ಅವಳು ನಿನ್ನ ಹತ್ತಿರ ಡೋಲಿನ ರೆಕಾರ್ಡಿಂಗು ಕೇಳಿದ್ದು.

ನಿನ್ನ ಉತ್ತರವನ್ನು ಅಡುಗೆಮನೆಯಲ್ಲಿ ನನಗೂ ಕೇಳಿಸಿದಳು. "ಅಜ್ಜ ಕೆಳಗಿಟ್ಟದ್ದನ್ನು ನೀನು ಎತ್ತಬೇಡ. ಅಲ್ಲಿ ಚಪ್ಪಾಳೆ ಸಿಗ್ತದೆ ಅಂತ ನಮ್ಮ ಕುತ್ತಿಗೆಗೆ ಕಟ್ಟಿದ್ದನ್ನು ಸ್ಟೇಜಿಗೆ ಹತ್ತಿಸ್ಬೇಡ."

ನೀನು ಹೇಳಿದ್ದು ಸುಳ್ಳಲ್ಲ ರಂಜಿತ್. ಕೊರಗರಾಗಿ ಹುಟ್ಟಿದ್ದಕ್ಕೆ ಕಂಬಳದ ಮುಂಚೆ ನಮ್ಮವರು ಡೋಲು ಬಾರಿಸಬೇಕಿತ್ತು. ಕೇಳುವ ಕ್ರಮ ಇರಲಿಲ್ಲ, ಹೇಳಿಕಳಿಸುವ ಕ್ರಮ ಮಾತ್ರ. ಕೊರಪ್ಪೊಳು ಅಜ್ಜಿ ಸೆರಗಿನಲ್ಲಿ ಕಟ್ಟಿ ತಂದ ಎಂಜಲನ್ನವನ್ನು ನಾನು ಉಂಡಿದ್ದೇನೆ, ನೀನು ಉಂಡಿಲ್ಲ. ನೀನು ಹುಟ್ಟುವ ಮೊದಲೇ ಅಪ್ಪ ಊರಿನ ಧನಿಗಳ ಗುತ್ತಿನ ಮನೆಯ ಅಂಗಳದಾಚೆ ಡೋಲು ನೆಲಕ್ಕಿಟ್ಟು, ಇನ್ನು ನನ್ನಿಂದ ಆಗುವುದಿಲ್ಲ ಧನಿ ಎಂದು ಹೇಳಿ ಬಂದಿದ್ದರು. ಆಮೇಲೆ ಊರಲ್ಲಿ ಯಾರೂ ಕೆಲಸ ಕೊಡಲಿಲ್ಲ. ಮಂಗಳೂರಿನ ಹಂಚಿನ ಕಾರ್ಖಾನೆ, ನಮ್ಮ ಶಾಲೆ, ನಿನ್ನ ಲೆಕ್ಚರರ್ ಕೆಲಸ, ನನ್ನ ನರ್ಸಿಂಗು, ಎಲ್ಲವೂ ಆ ಒಂದು ಮಾತಿನ ಮೇಲೆ ನಿಂತಿದೆ. ನಮ್ಮವರ ಸಂಘಟನೆಯ ಸಭೆಗಳಲ್ಲಿ ನೀನು ಹೇಳುವುದೂ ಅದನ್ನೇ.

ಹೋದ ಭಾನುವಾರ ಒಡೆಟ್ ಊಟಕ್ಕೆ ಬಂದಿದ್ದಳು. ಕೋರಿ ರೊಟ್ಟಿ ಮಾಡಿದ್ದೆ. ರೊಟ್ಟಿ ಕೈಗೆತ್ತಿಕೊಂಡು, "ಆಂಟಿ, ಇದು ಚಿಪ್ಸಾ, ಪ್ಲೇಟಾ?" ಎಂದು ಕೇಳಿದಳು. ಕೋಳಿ ಸಾರು ಹೊಯ್ದ ಮೇಲೆ ಎರಡು ಸಲ ಹಾಕಿಸಿಕೊಂಡಳು. ಆಗ ಅಪ್ಪ ಡೋಲು ಕೆಳಗಿಟ್ಟ ಕಥೆ ಹೇಳಿದೆ. ಅವಳು ತಿನ್ನುವುದನ್ನು ನಿಲ್ಲಿಸಿ ಕೇಳಿದಳು.

"ನಮ್ಮವರ ಕೈಯಿಂದ ಕಿತ್ತುಕೊಂಡರು ಆಂಟಿ, ಬಾರಿಸಿದರೆ ಜೈಲು. ನಿಮ್ಮವರ ಕೈಗೆ ಕಟ್ಟಿದರು, ಬಾರಿಸದಿದ್ದರೆ ಹಸಿವು."

"ಅದಕ್ಕೇ ಅಲ್ವಾ ಇಬ್ರೂ ಒಂದೇ ಶಿಪ್ಪಲ್ಲಿ ಇರ್ಬೇಕಾದ್ದು?" ಎಂದಳು ಅಶ್ವಿತಾ.

"ಏ ಹುಡುಗಿ, ಹಡಗು ನನ್ನದು. ನಿನಗೆ ಕೊಟ್ಟಿದ್ದು ಸೀಟು, ಸ್ಟಿಯರಿಂಗ್ ಅಲ್ಲ," ಎಂದು ಒಡೆಟ್ ನಕ್ಕಳು. ಆಮೇಲೆ ನಗು ಬಿಟ್ಟು ಹೇಳಿದಳು, "ನನ್ನ ಅಣ್ಣನಿಗೆ ಓಡುವ ಆಸೆ ಇತ್ತು, ಅದು ನನಗೆ ಗೊತ್ತಿತ್ತು, ಅದಕ್ಕೆ ಓಡಿಸಿದೆ. ನಿನ್ನ ಅಜ್ಜನಿಗೆ ಏನು ಆಸೆ ಇತ್ತು? ಅದು ತಿಳಿಯದೆ ಅವರ ಕೈಗೆ ಡ್ರಮ್ ಕೊಡಬೇಡ."

ಅಶ್ವಿತಾ ನನ್ನ ಮುಖ ನೋಡಿದಳು. ನಾನು ಸಾರು ತರುತ್ತೇನೆಂದು ಎದ್ದುಹೋದೆ.

ಅಷ್ಟರಲ್ಲೇ ಮುಗಿದಿದ್ದರೆ ಸರಿಯಿತ್ತು. ಗುರುವಾರ ಚಂದ್ರಮೋಹನರು ಫೋನು ಮಾಡಿದರು. ಇಲ್ಲಿನ ನಮ್ಮ ಕರಾವಳಿಯವರ ಕೂಟದ ಕಾರ್ಯದರ್ಶಿ ಅವರು, ಕ್ಲೈನ್‌ಬರ್ಗಿನಲ್ಲಿ ಮನೆ. ನಾವು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಕೋಟು, ಬೂಟು ತಂದುಕೊಟ್ಟವರು. ಕೂಟದಲ್ಲಿ ಇಷ್ಟು ವರ್ಷ ನಮ್ಮನ್ನು ಯಾರೂ ನೇರವಾಗಿ ಜಾತಿ ಕೇಳಿರಲಿಲ್ಲ. ನಿಮ್ಮ ಬರಿ ಯಾವುದು, ಕುಲ ಯಾವುದು ಎಂದು ಕೇಳಿದವರಿಗೆ ನಿನ್ನ ಭಾವ ನಕ್ಕು ಮಾತು ತಿರುಗಿಸುತ್ತಿದ್ದರು. ಅಶ್ವಿತಾ ಶನಿವಾರದ ಪೋಸ್ಟರನ್ನು ಕೂಟದ ಗ್ರೂಪಿಗೆ ಹಾಕಿದ್ದಳು, ಕೊರಗರ ಡೋಲು ಎಂದು ಬರೆದು, ನನ್ನನ್ನು ಕೇಳದೆ.

ಫೋನು ಸ್ಪೀಕರಿನಲ್ಲಿತ್ತು. ನಾನು ಪಾತ್ರೆ ತೊಳೆಯುತ್ತಿದ್ದೆ.

"ಗುಲಾಬಿಯವ್ರೇ, ಪೋಸ್ಟರು ನೋಡಿದೆ ಮಾರಾಯ್ರೆ, ಭಾರೀ ಖುಷಿಯಾಯ್ತು! ನಮ್ಮ ಬಿಸು ಹಬ್ಬದ ಪ್ರೋಗ್ರಾಮಿಗೂ ಮಗಳ ಡೋಲು ಇಡುವ ಆಯ್ತಾ? ಊರಿನ ನೆನಪಾಗ್ತದೆ. ಸ್ಟೇಜೆಲ್ಲ ಬೇಡ, ಎಂಟ್ರೆನ್ಸಲ್ಲಿ ಸಾಕು. ಗೆಸ್ಟ್‌ಗಳು ಒಳಗೆ ಬರುವಾಗ ಬಾರಿಸಿದ್ರೆ ಆಯ್ತು. ನಿಮಗೆ ಅದೆಲ್ಲ ಕ್ರಮ ಗೊತ್ತುಂಟಲ್ಲ? ಊಟ ಎಲ್ಲ ನಮ್ಮದೇ."

ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅದೇ ಕಷ್ಟ. ಕೆಟ್ಟ ಮನಸ್ಸಾಗಿದ್ದರೆ ಬೈದು ಇಡುತ್ತಿದ್ದೆ. ಕೇಳಿ ಹೇಳುತ್ತೇನೆ ಎಂದಷ್ಟೇ ಹೇಳಿ ಇಟ್ಟೆ.

ಅಶ್ವಿತಾ ಮೆಟ್ಟಿಲಲ್ಲಿ ನಿಂತಿದ್ದಳು. "ಎಂಟ್ರೆನ್ಸಲ್ಲಿ?" ಎಂದಳು. ನಗಲು ನೋಡಿದಳು, ಆಗಲಿಲ್ಲ.

"ಅವರಿಗೆ ಗೊತ್ತಾಗದೆ ಹೇಳಿದ್ದು ಮಗಾ."

"ಅಮ್ಮಾ, ಸ್ಟಾಪ್. ನಂಗೆ ಗೊತ್ತಾಯ್ತು. ನಾನು ಔಟ್, ಒಡೆಟ್‌ಗೆ ಟೆಕ್ಸ್ಟ್ ಮಾಡ್ತೇನೆ. ಅಜ್ಜನ ಹೆಸರೇ ಹೇಳುದಿಲ್ಲ. ಹೇಳಿದ್ರೆ ಇವ್ರು ಗೇಟಲ್ಲಿ ನಿಲ್ಲಿಸ್ತಾರೆ, ಮಾವ ಬೈತಾರೆ, ನೀನು ಸಾರು ತರ್ಲಿಕ್ಕೆ ಹೋಗ್ತಿ."

ಅಂದಿನಿಂದ ಅವಳು ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾಳೆ. ಒಡೆಟ್ ಬುಧವಾರದವರೆಗೆ ಅವಳ ಜಾಗ ಹಾಗೇ ಇಟ್ಟಿರುತ್ತೇನೆಂದು ನನಗೆ ಹೇಳಿ ಕಳಿಸಿದ್ದಾಳೆ. ಆಮೇಲೆ ಆ ಮುದುಕನಿಲ್ಲದೆ ಹಡಗು ಏಳುತ್ತದೆ. ಏಳಲೇಬೇಕು, ಅದು ಅವರ ಹಡಗು.

ಚಂದ್ರಮೋಹನರ ಫೋನಿನ ಮಟ್ಟಿಗೆ ನೀನು ಗೆದ್ದೆ. ನೀನು ಹೆದರಿದ್ದು ಎಷ್ಟು ಬೇಗ, ಎಷ್ಟು ಪ್ರೀತಿಯಿಂದ ನಮ್ಮ ಅಡುಗೆಮನೆಗೇ ಬಂತು ನೋಡು. ಆದರೆ ಇವಳು ಇಪ್ಪತ್ತರ ಹುಡುಗಿ, ನಮ್ಮ ಮನೆಯಲ್ಲಿ ಮೊದಲ ಬಾರಿಗೆ ಮುಂದಿನ ಕಾಲವೊಂದನ್ನು ಯೋಚಿಸಿ ಅದರಲ್ಲಿ ಅಪ್ಪನಿಗೆ ಜಾಗ ಮಾಡಿದಳು. ನಾವಿಬ್ಬರೂ ಅಪ್ಪನನ್ನು ಆ ಅಂಗಳದಾಚೆಯೇ ನಿಲ್ಲಿಸಿಕೊಂಡಿದ್ದೇವೆ. ಅಲ್ಲಿಂದ ಅವರು ಎಲ್ಲಿಗಾದರೂ ಹೋಗಬಹುದಿತ್ತೆಂದು ನಾನು ಯೋಚಿಸಿಯೇ ಇರಲಿಲ್ಲ.

ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳು. ಬಿ.ಪಿ. ಮಾತ್ರೆ ತಪ್ಪಿಸಬೇಡ. ನಿನಗೂ ಮಕ್ಕಳಿಗೂ ಒಳ್ಳೆಯದಾಗಲಿ. ನಮ್ಮ ದೈವಗಳು, ಸತ್ಯಗಳು ನಿಮ್ಮನ್ನು ಕಾಯಲಿ.

ನಿನ್ನ ಅಕ್ಕ,
ಗುಲಾಬಿ

ಮತ್ತೆ: ಇದನ್ನು ಮೇಲೆ ಎಲ್ಲಿ ಬರೆಯುವುದೆಂದು ತಿಳಿಯದೆ ಸಹಿ ಹಾಕಿಬಿಟ್ಟೆ. ಅಪ್ಪ ಆಸ್ಪತ್ರೆಯಲ್ಲಿದ್ದ ಕೊನೆಯ ವಾರ ನಾನು ಬಂದಿದ್ದೆನಲ್ಲ. ಒಂದು ಮಧ್ಯಾಹ್ನ ನೀನು ಔಷಧಿ ತರಲು ಹೋಗಿದ್ದೆ. ಅಪ್ಪ ಕಣ್ಣು ಮುಚ್ಚಿದ್ದರು. ಬಲಗೈಯ ಬೆರಳುಗಳು ಮಂಚದ ಕಬ್ಬಿಣದ ಮೇಲೆ ಆಡುತ್ತಿದ್ದವು. ವಾರ್ಡಿನ ಹುಡುಗಿ ನಡುಕ ಎಂದುಕೊಂಡಳು. ನಡುಕ ಹೇಗಿರುತ್ತದೆಂದು ನನಗೆ ಗೊತ್ತು, ಅದು ನನ್ನ ಕೆಲಸ. ಇದು ಒಂದು ಕಡೆ ನಿಧಾನವಾಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಮುಖದಲ್ಲಿ ನೋವು ಇರಲಿಲ್ಲ. ಅವರು ಅಷ್ಟು ಸುಖವಾಗಿ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಎಂತ ಅಪ್ಪ ಅದು ಎಂದು ಕೇಳಿದೆ. ಕೈ ತಟ್ಟನೆ ನಿಂತಿತು. "ಎಂತ ಇಲ್ಲ. ರಂಜಿತನಿಗೆ ಹೇಳ್ಬೇಡ," ಎಂದರು.

ಅವರು ನಾಚಿದ್ದು ಗುತ್ತಿನವರಿಗೆ ಅಲ್ಲ, ನಿನಗೆ. ಇದನ್ನು ನಿನಗೆ ಬರೆಯುವುದು ಎಷ್ಟು ಕಷ್ಟವೆಂದು ಹೇಳಲಾರೆ.

ಒಡೆಟ್ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇದು ಒಂದೇ. ಅಶ್ವಿತಾಗೆ ಹೇಳಬೇಕೆಂದು ತೀರ್ಮಾನಿಸಿದ್ದೇನೆ, ಡೋಲು ಕೆಳಗಿಟ್ಟದ್ದನ್ನು ಇನ್ನೊಮ್ಮೆ, ಈ ಬೆರಳುಗಳ ಜೊತೆಗೇ. ಆಮೇಲೆ ಶನಿವಾರ ಏನು ಮಾಡುತ್ತಾಳೋ ಅವಳಿಗೆ ಬಿಟ್ಟದ್ದು. ಮೊದಲು ನೀನು ಓದಬೇಕು. ನೀನು ಓದಿದ ಗುರುತು ಫೋನಿನಲ್ಲಿ ಕಂಡ ಕೂಡಲೇ ಮೇಲೆ ಅವಳ ಕೋಣೆಗೆ ಹೋಗುತ್ತೇನೆ.