ಇಂಚಿನ ಬೋಲ್ಟು

ವರ್ಕ್‌ಶಾಪು,
ಗುರುವಾರ ಬೆಳಿಗ್ಗೆ, ಮೇ ೧೪

ಪ್ರೀತಿಯ ಅಪ್ಪಾ,

ಕಣ್ಣಿನ ಪಟ್ಟಿ ಬಿಚ್ಚಿದರಾ? ಉರಿ ಕಮ್ಮಿಯಾಗಿದೆಯಾ? ಅಕ್ಕ ಹೊತ್ತುಹೊತ್ತಿಗೆ ಔಷಧಿ ಹಾಕುತ್ತಿದ್ದಾಳೆ ತಾನೆ? ಭಾವನ ಸ್ಕೂಟರಿನ ಸದ್ದು ಕೇಳಿ ಸ್ಪ್ಯಾನರ್ ಹುಡುಕಲು ಹೋಗಬೇಡಿ, ಸುಮ್ಮನೆ ಮಲಗಿ. ಅಕ್ಕನ ಮನೆಯ ಫೋನು ನಾಲ್ಕು ದಿನದಿಂದ ಸತ್ತಿದೆ, ಅದಕ್ಕೇ ಈ ಕಾಗದ. ಕಾರು ಸಾಗಿಸುವ ಲಾರಿಯವರು ಸಂಜೆಯೊಳಗೆ ತಲುಪಿಸುತ್ತಾರೆ. ಅಕ್ಕಾ, ನಿಧಾನವಾಗಿ ಓದಿ ಹೇಳು. ನನಗೆ ನಿನ್ನೆಯಿಂದ ವಿಪರೀತ ಹೆದರಿಕೆ.

ನಮ್ಮ ಹಲ್ಲಿನ ಡಾಕ್ಟರು ತಮ್ಮ ಹಳೇ ಕಾರುಗಳ ಸಂಗ್ರಹಕ್ಕೆ ನಮ್ಮಲ್ಲಿ ಮಾರಾಟಕ್ಕಿರುವ ನೀಲಿ ಅಮೆರಿಕದ ಕಾರೋ ಕೆಂಪು ಇಟಲಿಯದೋ ಎಂದು ವಾರವಿಡೀ ನನ್ನ ತಲೆ ತಿಂದರು. ನೀವಿದ್ದರೆ ಏನನ್ನುತ್ತಿದ್ದಿರೋ ಅದನ್ನೇ ಹೇಳಿದೆ. ಅಮೆರಿಕದ್ದು ಸೋದರಮಾವನ ಹಾಗೆ. ಗಂಟಲು ದೊಡ್ಡದು, ಹೊಟ್ಟೆ ದೊಡ್ಡದು, ಮನಸ್ಸು ಸರಳ. ಬಿಡಿಭಾಗ ಇಂದಿಗೂ ಸಿಗುತ್ತದೆ, ಯಾರು ಬಿಚ್ಚಿ ಕಟ್ಟಿದರೂ ಬೇಸರವಿಲ್ಲ, ಆದರೆ ತಿರುವಿನಲ್ಲಿ ಮೈ ವಾಲಿಸುತ್ತದೆ. ಇಟಲಿಯದು ಹೊಸ ಅಳಿಯ. ನೋಡಲು ಚಂದ, ತಿರುವಿನಲ್ಲಿ ಚುರುಕು, ಮಾತುಮಾತಿಗೆ ಮುನಿಸು, ತಗಡಂತೂ ತುಕ್ಕು ಹಿಡಿಯಲು ನೆಪ ಹುಡುಕುತ್ತದೆ. ಆದರೂ ಇಂಜಿನ್ನು ಮೊದಲಿನದೇ ಆಗಿದ್ದರೆ ಸಂಗ್ರಹಕಾರರು ಅದಕ್ಕೇ ಮುಗಿಬೀಳುತ್ತಾರೆ. (ಅಕ್ಕಾ, ಅಳಿಯನ ಮಾತು ಭಾವನ ಕಿವಿಗೆ ಬೀಳದಿರಲಿ.)

ಡಾಕ್ಟರು ಕೆಂಪಿಗೇ ಮನಸೋತರು. ನಿನ್ನೆ ಹೆಂಡತಿಯ ಜೊತೆ ಬೆಟ್ಟದ ದಾರಿಯಲ್ಲಿ ಓಡಿಸಿ ನೋಡಲು ಬಂದರು. ಆಕೆ ನೀರಿನ ಬಾಟಲಿ ತೊಡೆಯ ಮೇಲಿಟ್ಟುಕೊಂಡು ಆಗಲೇ ಒಳಗೆ ಕೂತಾಗಿತ್ತು. ಕೀಲಿ ಕೊಡುವ ಮುಂಚೆ ಬ್ರೇಕಿನ ಪೆಡಲು ಒತ್ತಿದೆ, ಒಳಗೆ ಏನೋ ಕದಲಿತು. ಬಾನೆಟ್ ಎತ್ತಿದರೆ ಬ್ರೇಕಿನ ಮಾಸ್ಟರ್ ಸಿಲಿಂಡರೇ ಅಲುಗಾಡುತ್ತಿದೆ! ಎಂಟು ಮಿಲಿಮೀಟರಿನ ಬೋಲ್ಟು ಇರಬೇಕಾದ ಕಡೆ ಅಮೆರಿಕದ ಇಂಚಿನ ಅಳತೆಯ ಬೋಲ್ಟು. ಎರಡಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ, ನಿಮಗೆ ಗೊತ್ತಲ್ಲ. ಮೊದಲ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಯಿತು ಅಂತ ಕೈ ಮೋಸಹೋಗುತ್ತದೆ, ಒಳಗೆ ತಿರುಪಿನ ಸುತ್ತುಗೆರೆಯೆಲ್ಲ ಸವೆದುಹೋಗುತ್ತದೆ. ಇಳಿಜಾರಿನಲ್ಲಿ ಒಮ್ಮೆ ಜೋರಾಗಿ ಒತ್ತಿದ್ದರೆ ಸಿಲಿಂಡರು ಕಿತ್ತುಬಂದು ಬ್ರೇಕೇ ಇರುತ್ತಿರಲಿಲ್ಲ. ಅವಸರದಲ್ಲಿ ನಾನೇ ಬೋಲ್ಟಿನ ಡಬ್ಬಿ ಅದಲುಬದಲು ಮಾಡಿದೆ ಅಂತ ಡಾಕ್ಟರ ಮುಂದೆ ಒಪ್ಪಿಕೊಂಡೆ. ಅವರು ಹೆಂಡತಿಯ ಮುಖ ನೋಡಿದರು, ಕೈ ಹಿಡಿದು ಇಳಿಸಿಕೊಂಡು ಹೋದರು.

ಅಮ್ಮ ಚೆನ್ನಾಗಿದ್ದಾಳೆ, ನೀವಿಲ್ಲದೆ ಬೈಯಲು ಯಾರೂ ಸಿಗದೆ ನನ್ನನ್ನೇ ಬೈಯುತ್ತಾಳೆ. ಭಾವನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು.

ನಿಮ್ಮ ಮಗಳು,
ಗ್ರೀಸಮ್ಮ

ಮತ್ತೆ: ಲಾರಿಯವರು ಹಾರ್ನ್ ಹೊಡೆಯುತ್ತಿದ್ದಾರೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ, ಅಪ್ಪಾ. ಆ ಬೋಲ್ಟು ಹಾಕಿದ್ದು ನಾನಲ್ಲ. ಅದರ ತಲೆಯ ಮೇಲೆ ಹಳದಿ ಬಣ್ಣದ ಚುಕ್ಕೆ ಇತ್ತು, ಬಿಗಿ ಮಾಡಿ ಮುಗಿಸಿದ ಮೇಲೆ ನೀವು ಇಡುವ ಚುಕ್ಕೆ. ಆ ಬ್ರಷ್ಷನ್ನು ನನ್ನ ಕೈಗೆ ನೀವು ಇನ್ನೂ ಕೊಟ್ಟಿಲ್ಲ. ಕಣ್ಣು ಮಂಜಾದ ಮೇಲೆ ನೀವು ಇನ್ನೂ ಮೂರು ಇಟಲಿ ಕಾರುಗಳ ಬ್ರೇಕು ಮಾಡಿ ಕಳಿಸಿದ್ದೀರಿ. ಯಾರ ಕಾರು, ಯಾವ ಊರು, ಎಲ್ಲ ನಿಮ್ಮ ತಲೆಯಲ್ಲಿ ಮಾತ್ರ ಇದೆ. ಹಸಿರು ಕಾರಿನವರು ಪ್ರತಿ ಭಾನುವಾರ ಮೊಮ್ಮಕ್ಕಳನ್ನು ಕೂರಿಸಿಕೊಂಡು ಬೆಟ್ಟ ಹತ್ತುತ್ತಾರೆ ಅಂತ ನೀವೇ ಹೇಳಿದ್ದಿರಿ. ಅಕ್ಕಾ, ಈಗಲೇ ಅಪ್ಪನ ಕೈ ಹಿಡಿದುಕೊಂಡು ಎದುರಿನ ಅಂಗಡಿಗೆ ಹೋಗು, ನನಗೆ ಫೋನ್ ಮಾಡಿಸು. ಅಪ್ಪ ಅತ್ತರೆ ಅಳಲಿ, ನಡೆಯುತ್ತಲೇ ಅಳಲಿ.