ಇಲ್ಲದ ಬ್ಲೌಸಿನ ಅಳತೆ

ನವೆಂಬರ್ ೨೦, ಗುರುವಾರ

ಘನ ದಿನಚರಿಯ ಸನ್ನಿಧಾನದಲ್ಲಿ ಅರ್ಜಿದಾರನ ಅರಿಕೆ ಏನೆಂದರೆ, ಇವತ್ತು ಇಲ್ಲದ ಅಂಗಡಿಯ ಟೈಲರ್ ಆಗಿ ಸಿಕ್ಕಿಬಿದ್ದೆ. ಮೊಸರನ್ನ ತಿಂದಾಯಿತು, ರುಚಿ ತಿಳಿಯಲಿಲ್ಲ.

ಜಯನಗರದ ನಮ್ಮ ಲಾ ಕಾಲೇಜಿನ ಉಚಿತ ಕಾನೂನು ನೆರವು ಕೇಂದ್ರಕ್ಕೆ ಒಂದು ನಿಯಮವಿದೆ. ಹೊಡೆತ ತಿಂದು ಬಂದ ಹೆಂಗಸಿನ ಫೋನನ್ನು ಬೇರೆಯವರು ಎತ್ತಿದರೆ ಕೋರ್ಟಿನ ಮಾತು ಬೇಡ. ಬ್ಲೌಸ್ ರೆಡಿ ಎಂದು ಹೇಳಿ ಇಟ್ಟುಬಿಡಬೇಕು. ನನ್ನ ಟೈಲರ್ ದನಿ ಕೇಳಿ ಎಲ್ಲರೂ ನಗುತ್ತಾರೆ. ಸೋಮವಾರದ ವಿಚಾರಣೆ ತಿಳಿಸಲು, ಗಂಡನ ಮೇಲೆ ಕೇಸು ಹಾಕಿರುವ ಸೌಮ್ಯಕ್ಕನಿಗೆ ಫೋನ್ ಮಾಡಿದೆ. ಗಂಡ ಎತ್ತಿದ.

“ಮೇಡಂ ಬ್ಲೌಸ್ ರೆಡಿ ಇದೆ ಸಾರ್.”

“ಅಂಗಡಿ ಎಲ್ಲಿ?”

ಅಲ್ಲೇ ಫೋನ್ ಇಡಬೇಕಿತ್ತು. ಕಲಾವಿದನಲ್ಲವೇ ನಾನು. “ಕತ್ರಿಗುಪ್ಪೆ ಸಾರ್, ವಾಟರ್ ಟ್ಯಾಂಕ್ ಹತ್ರ.”

“ನಾಳೆ ನಾನೇ ಬಂದು ತಗೋತೀನಿ. ಅವಳು ಯಾವಾಗ ಬಂದು ಕೊಟ್ಳು ಅಂತ ಕೇಳ್ಬೇಕು.”

ಅಂಗಡಿ ಸಿಗದಿದ್ದರೆ ಅವನು ವಿಚಾರಿಸಿಕೊಳ್ಳುವುದು ನನ್ನನ್ನಲ್ಲ, ಅಕ್ಕನನ್ನು.

ಸೀನಿಯರ್ ಪ್ರಕೃತಿ ಬೈಯಲಿಲ್ಲ. ಕತ್ರಿಗುಪ್ಪೆಗೆ ಎಳೆದುಕೊಂಡು ಹೋಗಿ, ಟ್ಯಾಂಕಿನ ಹತ್ತಿರದ ನಿಜವಾದ ಟೈಲರ್ ಮುನಿಲಕ್ಷ್ಮಮ್ಮನವರಿಗೆ ಅಕ್ಕನ ಹೆಸರೊಂದನ್ನು ಬಿಟ್ಟು ಎಲ್ಲ ಹೇಳಿದಳು. ಅವರು ನನ್ನನ್ನೇ ನೋಡಿದರು.

“ಬೆಳಿಗ್ಗೆಗೆ ಹೊಲಿದಿಡ್ತೀನಿ. ಅಳತೆ ಕೊಡಪ್ಪ, ಟೈಲರು.”

ಕೈಯಲ್ಲಿದ್ದ ಅಕ್ಕನ ಕೇಸ್ ಫೈಲಿನಲ್ಲಿದ್ದದ್ದು ಒಂದೇ ಅಳತೆ, ಡಾಕ್ಟರು ಬರೆದದ್ದು. ಓದಿದೆ: ಎಡತೋಳು, ಕಂದಿದ ಗಾಯ, ಎಂಟು ಸೆಂಟಿಮೀಟರ್.

ಮುನಿಲಕ್ಷ್ಮಮ್ಮ ಟೇಪನ್ನು ಸುತ್ತಿ ಪಕ್ಕಕ್ಕಿಟ್ಟರು.

“ತೋಳು ಸಡಿಲ ಇಡ್ತೀನಿ ಬಿಡು.”

ಇನ್ನೂ ಏನೂ ಅನ್ನಿಸುತ್ತಿಲ್ಲ. ನಾಳೆ ಅವನು ಬಂದಾಗ ಇಲ್ಲದ ಬ್ಲೌಸ್ ಅಲ್ಲಿ ಇರುತ್ತದೆ, ಸಡಿಲ ತೋಳಿನದು.